ಮನೆಯಿಲ್ಲದ ಕೂಲಿಕಾರರ ಮಕ್ಕಳನ್ನು ಉಚಿತವಾಗಿ ನೋಡಿಕೊಳ್ಳುವ 'ಮೊಬೈಲ್ ಕ್ರೆಷಸ್' ಸಂಸ್ಥೆ ಹೇಗೆ ಶುರುವಾಯಿತು?

ಒಂದು ಟೆಂಟಿನಿಂದ. 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಗಾಂಧಿ ಜನ್ಮಶತಾಬ್ದಿಯ ಪ್ರದರ್ಶನಕ್ಕೆ ಕಟ್ಟಡದ ಕೆಲಸ ನಡೆಯುತ್ತಿತ್ತು. ಅಮ್ಮಂದಿರು ಮಣ್ಣು ಹೊರುತ್ತಿದ್ದರೆ, ಕೂಸುಗಳು ಅಲ್ಲೇ ಧೂಳಿನಲ್ಲಿ ಬಿದ್ದಿರುತ್ತಿದ್ದವು. ಇದನ್ನು ಕಂಡ ಸಮಾಜಸೇವಕಿ ಮೀರಾ ಮಹಾದೇವನ್ ಸುಮ್ಮನಿರಲಿಲ್ಲ. ಅಲ್ಲೇ ಟೆಂಟ್ ಹಾಕಿಸಿ ಮಕ್ಕಳನ್ನು ನೋಡಿಕೊಳ್ಳಲು ಶುರು ಮಾಡಿದರು. ಮುಂದೆ ಮುಂಬೈ, ಪುಣೆಗೂ ಈ ಕೆಲಸ ಹಬ್ಬಿತು.

'ಮೊಬೈಲ್' ಅನ್ನುವ ಹೆಸರು ಯಾಕೆ ಗೊತ್ತಾ? ಕಟ್ಟಡ ಮುಗಿದ ಮೇಲೆ ಕೂಲಿಯವರು ಗಂಟುಮೂಟೆ ಕಟ್ಟಿ ಬೇರೆ ಕಡೆ ಹೊರಡುತ್ತಾರೆ. ಬೇರೆಯವರಿಗೆ ಮನೆ ಕಟ್ಟಿಕೊಡುವ ಇವರಿಗೆ ಸ್ವಂತ ಸೂರಿಲ್ಲ, ಸೈಟಿನ ತಗಡಿನ ಶೆಡ್ಡೇ ಮನೆ. ಹಾಗಾಗಿ ಕೇಂದ್ರವೂ ಅವರ ಕೆಲಸ ಇದ್ದಲ್ಲಿಗೇ ಹೋಗಬೇಕು, ಅಲ್ವಾ?

ಒಳಗೆ ಹಸುಗೂಸುಗಳಿಗೆ ತೊಟ್ಟಿಲು, ಸ್ವಲ್ಪ ದೊಡ್ಡವರಿಗೆ ಬಾಲವಾಡಿ, ಊಟ, ಡಾಕ್ಟರ್ ತಪಾಸಣೆ. ಹಾಲುಣಿಸಲು ತಾಯಂದಿರು ಕೆಲಸದ ನಡುವೆ ಬಂದು ಹೋಗುತ್ತಾರೆ. ನನಗೆ ಇದರಲ್ಲಿ ತುಂಬಾ ಮುಖ್ಯ ಅನ್ನಿಸುವುದು ಅಕ್ಕಂದಿರ ವಿಷಯ. ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ದಿನವಿಡೀ ತಿರುಗುವ ಏಳೆಂಟು ವರ್ಷದ ಹುಡುಗಿ ಶಾಲೆಗೆ ಹೋಗುವುದಾದರೂ ಹೇಗೆ? ಕೂಸಿಗೆ ಜಾಗ ಸಿಕ್ಕರೆ ಅವಳ ಕೈಯೂ ಬಿಡುವಾಗುತ್ತದೆ.

1996ರ ಕಟ್ಟಡ ಕಾರ್ಮಿಕರ ಕಾಯ್ದೆ ಪ್ರಕಾರ, 50ಕ್ಕಿಂತ ಜಾಸ್ತಿ ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಲೇಬೇಕಿತ್ತು. ಆದರೆ 20 ಹೆಂಗಸರಿರುವ ಸಣ್ಣ ಸೈಟಿನ ಮಕ್ಕಳು ಇದರ ಹೊರಗೇ ಉಳಿಯುತ್ತಿದ್ದರು.