ದೊಡ್ಡ ಸಾಲ್ಮನ್ ಸಿಕ್ರೆ ಎತ್ತಿ ಹಿಡ್ದು ಫೋಟೋ ತೆಗೆಸ್ಕೊಳ್ಳಬಹುದಾ?

ಪ್ರಶ್ನೆ: ನಮ್ದು ಕುಣಿಗಲ್ ಹತ್ರ, ಮಾರ್ಕೋನಹಳ್ಳಿ ಡ್ಯಾಮಲ್ಲಿ ಗಾಳ ಹಾಕ್ಕೊಂಡೇ ಬೆಳೆದವ್ನು. ಮಗಳು ಅಳಿಯ ಸಿಯಾಟಲ್‌ನಲ್ಲಿದಾರೆ, ಈ ಸಲ ಹೋದಾಗ ಬೋಟಲ್ಲಿ ಸಾಲ್ಮನ್ ಹಿಡಿಯೋಕೆ ಕರ್ಕೊಂಡ್ಹೋಗ್ತಾರಂತೆ, ಆದ್ರೆ ದೊಡ್ಡದು ಸಿಕ್ರೂ ಕೆಲವನ್ನ ವಾಪಸ್ ಬಿಡ್ಲೇಬೇಕಂತೆ. ಎತ್ತಿ ಹಿಡ್ಕೊಂಡು ಒಂದು ಫೋಟೋ ಬೇಕು, ಮೀನಿಗೆ ಏನೂ ಆಗ್ದಂಗೆ ಹೆಂಗೆ ತೆಗೆಸ್ಲಿ?

ಉತ್ತರ: ಸಾರ್, ಎತ್ತೋ ಆಸೆ ಬಿಟ್ಬಿಡಿ. ಸಿಯಾಟಲ್ ಕಡೆ ಪ್ಯೂಜೆಟ್ ಸೌಂಡ್ ಅನ್ನೋ ಸಮುದ್ರದ ಕೊಲ್ಲೀಲಿ, ಇಟ್ಕೊಳ್ಳೋಕೆ ಪರ್ಮಿಷನ್ ಇಲ್ದಿರೋ ಸಾಲ್ಮನ್‌ನ ಬೋಟೊಳಗೆ ತರೋದೇ ಕಾನೂನಿಗೆ ವಿರುದ್ಧ. ಬೆನ್ನಮೇಲೆ ಬಾಲದ ಹತ್ರ ಬೆರಳ ತುದಿಯಷ್ಟು ಮೆತ್ತನೆ ರೆಕ್ಕೆ ಇದ್ಯಾ ನೋಡಿ, ಹ್ಯಾಚರೀಲಿ ಸಾಕಿದ ಮರಿಗೆ ಅದನ್ನ ಕತ್ತರಿಸಿ ಬಿಟ್ಟಿರ್ತಾರೆ, ಹಾಗೇ ಇದ್ರೆ ಹೊಳೇಲೇ ಹುಟ್ಟಿದ್ದು ಅಂತ ಲೆಕ್ಕ, ವಾಪಸ್ ಬಿಡ್ಬೇಕು ಅನ್ನೋದು ಹೆಚ್ಚಾಗಿ ಇಂಥದ್ದನ್ನೇ.

ಕಾನೂನು ಒಂದ್ಕಡೆ ಇರ್ಲಿ. ಕಿವಿರಿನ ಎಸಳು ನೀರಲ್ಲಿ ಬಿಡಿಬಿಡಿಯಾಗಿ ಹರಡಿರುತ್ತೆ, ಗಾಳಿಗೆ ಬಂದ್ರೆ ನೆಂದ ಪುಸ್ತಕದ ಹಾಳೆ ತರ ಒಂದಕ್ಕೊಂದು ಅಂಟ್ಕೊಳುತ್ತೆ, ಉಸಿರು ಸಿಗಲ್ಲ. ಸಾಲ್ಮನ್ ಕುಟುಂಬದ್ದೇ ಆದ ರೇನ್‌ಬೋ ಟ್ರೌಟ್ ಮೇಲೆ ಕೆನಡಾದವರು ಮಾಡಿದ ಪರೀಕ್ಷೆ 1992ರಲ್ಲಿ ಪ್ರಕಟ ಆಯ್ತು, ಸುಸ್ತಾಗೋವರೆಗೂ ಓಡ್ಸಿ ನೀರಲ್ಲೇ ಬಿಟ್ಟವು 12 ಗಂಟೆ ಆದ್ಮೇಲೆ ಶೇ 88 ಬದುಕಿದ್ವು, 30 ಸೆಕೆಂಡ್ ಗಾಳೀಲಿಟ್ಟವು ಶೇ 62, 1 ನಿಮಿಷ ಇಟ್ಟವು ಬರೀ ಶೇ 28. ನಾನೂ ಹಿಂದೆ ನಿಮ್ಮ ಮಾರ್ಕೋನಹಳ್ಳೀಲೇ ಒಂದು ಕಾಟ್ಲಾನ ಎದೆಗೊತ್ತಿ ಹಿಡ್ಕೊಂಡು ನಾಲ್ಕು ಫೋಟೋ ತೆಗೆಸ್ಕೊಂಡು ಬಿಟ್ಟೆ, ಅಂಗಿ ತುಂಬ ಲೋಳೆ, ಹುರುಪೆ, ಮೀನು ಎರಡು ಮಾರು ಹೋಗಿ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತು. ಆ ಫೋಟೋ ಇವತ್ತಿಗೂ ನೋಡೋಕಾಗಲ್ಲ.

ಅದಕ್ಕೇ ಮೀನು ನೀರಲ್ಲೇ ಇರ್ಲಿ, ನೀವೇ ಅದರ ಹತ್ರ ಬಗ್ಗಿ. ಅದಿನ್ನೂ ದಾರ ಎಳೀತಿರೋವಾಗ್ಲೇ ಅಳಿಯಂದ್ರು ಮೊಬೈಲ್ ತೆಗೆದು ಲೆನ್ಸ್ ಮೇಲಿನ ಉಪ್ಪುನೀರು ಒರೆಸ್ಕೊಂಡು ಪಟಪಟ ಅಂತ ಸಾಲಾಗಿ ಫೋಟೋ ತೆಗೆಯೋ ಬರ್ಸ್ಟ್ ಮೋಡಲ್ಲಿ ರೆಡಿ ಇರ್ಬೇಕು, ಬಿಸಿಲು ಅವ್ರ ಬೆನ್ನಿಗೆ ಬೀಳೋ ಕಡೆ ನಿಂತ್ಕೊಳ್ಲಿ. ಮೇಲಿಂದ ತೆಗೆದ್ರೆ ಕಪ್ಪು ಬೆನ್ನು ಬಿಟ್ರೆ ಏನೂ ಕಾಣಲ್ಲ, ಮೊಬೈಲ್‌ನ ಸೇಫಾಗಿ ಕಟ್ಕೊಂಡು ನೀರಿನ ಮಟ್ಟಕ್ಕೆ ಇಳಿಸಿದ್ರೆ ಬೆಳ್ಳಿ ಮೈ, ಕಣ್ಣು, ನಿಮ್ಮ ಮುಖ ಎಲ್ಲ ಒಂದೇ ಫ್ರೇಮಲ್ಲಿ ಬರುತ್ತೆ. ಬಲೆ ಬೇಕಾದ್ರೆ ಗಂಟಿಲ್ದಿರೋ ರಬ್ಬರ್‌ದು, ಅದೂ ನೀರೊಳಗೇ. ಮುಟ್ಟೋ ಕೈ ಒದ್ದೆ ಇರ್ಲಿ, ಕಿವಿರೊಳಗೆ ಮಾತ್ರ ಬೆರಳು ಹಾಕ್ಬೇಡಿ.

ಗಾಳ ಬಿಡಿಸಿದ್ಮೇಲೆ ಬಾಲದ ಬುಡ ಮೆತ್ತಗೆ ಹಿಡಿದು, ತಲೆನ ನೀರು ಬರೋ ದಿಕ್ಕಿಗೆ ಇಟ್ಕೊಂಡು ಕಾಯಿರಿ. ಅದು ತಾನಾಗೇ ಬಾಲ ಬೀಸಿ ನಿಮ್ಮ ಮುಖಕ್ಕೆ ನೀರೆರಚಿ ಹೋಗುತ್ತಲ್ಲ, ಅದನ್ನೂ ಅಳಿಯಂದ್ರ ಕೈಲಿ ತೆಗೆಸಿ, ನನಗೂ ಒಂದು ಕಳ್ಸಿ ಸಾರ್.