ರಾತ್ರಿ ಒಂದು ಗಂಟೆ ಆದ್ರೂ ಗುಡ್ಡ ಕುಸಿದ ವಿಡಿಯೋನೇ ನೋಡ್ತಿರ್ತೀನಿ

ಪ್ರಶ್ನೆ: ಮೇಡಂ, ನಮ್ದು ಕುಮಟಾ, ನಂಗೆ 44 ವರ್ಷ. ಮಗ ಅಂಕೋಲಾದಲ್ಲಿ ಓದ್ತಾನೆ, ದಿನಾ ಬಸ್ಸಲ್ಲಿ ಹೋಗಿ ಬರ್ತಾನೆ. 2024ರ ಜುಲೈ 16ಕ್ಕೆ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸೀತಲ್ಲ, ಅವತ್ತಿಂದ ಮಳೆ ಶುರುವಾದ್ರೆ ಸಾಕು ಮೊಬೈಲ್ ಕೆಳಗಿಡೋಕೆ ಆಗಲ್ಲ. ವಯನಾಡು, ಕೊಡಗು, ಎಲ್ಲಿ ಕುಸಿದ್ರೂ ನೋಡ್ತೀನಿ, ಕಾಮೆಂಟೂ ಬಿಡ್ದೆ ಓದ್ತೀನಿ. ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತೆ. ಮನೆಯವ್ರು ಬೈತಾರೆ. ಆದ್ರೆ ನೋಡ್ದೇ ಇದ್ರೆ ಏನೋ ಆಗೇಬಿಡುತ್ತೆ ಅನ್ಸುತ್ತೆ. ಏನ್ ಮಾಡ್ಲಿ?
– ಹೆಸರು ಬೇಡ

ಉತ್ತರ: ಅಕ್ಕ, ನಿಮ್ಮ ಭಯ ಸುಳ್ಳಲ್ಲ. ಮಗ ಓಡಾಡೋದು ಅದೇ ರಸ್ತೆ, ಆ ಗುಡ್ಡದ ಬುಡದಲ್ಲೇ. ಹಾಗಾಗಿ ‘ಸುಮ್ನೆ ತಲೆ ಕೆಡಿಸ್ಕೋಬೇಡಿ’ ಅಂತ ನಾನು ಹೇಳಲ್ಲ. ಆದ್ರೆ ನಿಮ್ಮ ಪತ್ರದ ಕೊನೇ ಮಾತನ್ನ ಎರಡು ಸಲ ಓದ್ದೆ. ನೋಡ್ತಾ ಕೂತ್ರೆ ಮಗನ್ನ ಕಾಯ್ತಿದೀನಿ ಅಂತ ಮನಸ್ಸು ನಂಬ್ಬಿಟ್ಟಿದೆ, ಅದಕ್ಕೇ ಬಿಡೋಕಾಗ್ತಿಲ್ಲ. ರಾತ್ರಿ ಒಂದು ಗಂಟೆಗೆ ಅವನು ನಿಮ್ಮ ಪಕ್ಕದ ರೂಮಲ್ಲೇ ಮಲಗಿರ್ತಾನಲ್ವಾ, ಆ ಹೊತ್ತಲ್ಲಿ ನೋಡೋ ವಿಡಿಯೋ ಅವನನ್ನ ಯಾವುದ್ರಿಂದ ಕಾಪಾಡುತ್ತೆ ಹೇಳಿ?

ಅಪಾಯದ ಸುದ್ದಿ ಕಡೆ ಮನಸ್ಸು ಬೇಗ ತಿರುಗೋದು ಎಲ್ಲರಲ್ಲೂ ಇರೋದೇ. ಮೊಬೈಲ್ ಇದನ್ನ ಹಿಡ್ಕೊಳುತ್ತೆ, ಒಂದು ವಿಡಿಯೋ ಪೂರ್ತಿ ನೋಡಿದ್ರೆ ಅಂಥದ್ದೇ ಇನ್ನಷ್ಟು ತಂದು ಹಾಕುತ್ತೆ, ಅದ್ರಲ್ಲಿ ಹಳೇ ವಿಡಿಯೋನ ಇವತ್ತಿಂದು ಅಂತ ಬಿಟ್ಟಿರೋವೂ ಇರ್ತವೆ, ಹೀಗಾಗಿ ಎರಡು ವರ್ಷದ ಹಿಂದೆ ಕುಸಿದ ಗುಡ್ಡ ನಿಮ್ಮ ಕಣ್ಮುಂದೆ ದಿನಾ ರಾತ್ರಿ ಕುಸೀತಾನೇ ಇರುತ್ತೆ. ಮೈಗೆ ಮಾತ್ರ ಅದು ಪ್ರತಿ ಸಲ ಹೊಸದೇ. ಎದೆ ಡವಡವ ಅನ್ನೋದು, ನಿದ್ದೆ ಹತ್ತದೇ ಇರೋದು ಇದ್ರಿಂದ್ಲೇ ಹೆಚ್ಚಾಗ್ತಿರಬಹುದು.

2013ರಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದಾಗ ಸಂಶೋಧಕರು ಜನರನ್ನ ಕೇಳಿ ನೋಡಿದ್ರು. ಆಮೇಲಿನ ವಾರದಲ್ಲಿ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಆ ಸುದ್ದಿನೇ ನೋಡಿದವ್ರಲ್ಲಿ, ಸ್ಫೋಟದ ಹತ್ರ ಇದ್ದವ್ರಿಗಿಂತ ಹೆಚ್ಚು ಒತ್ತಡ ಕಾಣಿಸ್ತು. ಮನೇಲಿ ಕೂತು ನೋಡಿದವ್ರು!

ಪೂರ್ತಿ ಬಿಡಿ ಅನ್ನಲ್ಲ. ಮಳೆಗಾಲದಲ್ಲಿ ನಿಮಗೆ ನಿಜವಾಗ್ಲೂ ಬೇಕಿರೋದು ಹವಾಮಾನ ಇಲಾಖೆ ಏನ್ ಅಲರ್ಟ್ ಕೊಟ್ಟಿದೆ, ಜಿಲ್ಲಾಧಿಕಾರಿಗಳು ರಜೆ ಕೊಟ್ಟಿದಾರಾ, ಹೆದ್ದಾರಿ ಓಪನ್ ಇದ್ಯಾ, ಇಷ್ಟೇ. ಬೆಳಗ್ಗೆ ಅವನು ಹೊರಡೋ ಮುಂಚೆ ಒಂದ್ಸಲ, ಸಂಜೆ ಒಂದ್ಸಲ ನೋಡಿ. ರೆಡ್ ಅಲರ್ಟ್ ಇದ್ರೆ ರಜೆ ಕೊಡ್ಲಿ ಬಿಡ್ಲಿ, ಮನೇಲೇ ಇರು ಅನ್ನಿ, ಅದು ತಾಯಿ ಮಾಡಬಹುದಾದ ಕೆಲ್ಸ. ಕಾಮೆಂಟ್ ಓದೋದು ಇವತ್ತಿಂದ್ಲೇ ನಿಲ್ಲಿಸಿ, ಈ ಒಂದು ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ.

ರಾತ್ರಿ ಮೊಬೈಲ್ ಅಡುಗೆಮನೇಲಿ ಚಾರ್ಜಿಗೆ ಹಾಕಿ. ಮೊದಲ ಕೆಲವು ದಿನ ಚಡಪಡಿಕೆ ಆಗುತ್ತೆ, ಎದ್ದು ಹೋಗಿ ನೋಡ್ಬೇಕು ಅನ್ಸುತ್ತೆ. ಮನೆಯವ್ರಿಗೆ ಹೇಳಿ, ಬೈಯೋ ಬದಲು ಆ ಹೊತ್ತಲ್ಲಿ ಎದ್ದು ಸ್ವಲ್ಪ ಮಾತಾಡ್ತಾ ಕೂತ್ಕೊಳ್ಳಲಿ.

ಎರಡು ವಾರ ಹೀಗೆ ಮಾಡಿದ್ರೂ ನಿದ್ದೆ ಬರ್ಲಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರೋ ಸಹಾಯವಾಣಿ, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಈ ಡವಡವ ತೀರಾ ಜಾಸ್ತಿ ಆದ್ರೆ ಎರಡು ವಾರ ಕಾಯೋದೂ ಬೇಡ. ಮಗನಿಗೂ ಒಂದ್ ಮಾತು ಹೇಳಿಡಿ, ಅಂಕೋಲಾ ಬಸ್ ಸ್ಟ್ಯಾಂಡಲ್ಲಿ ಇಳಿದ ತಕ್ಷಣ ನಿಮಗೊಂದು ಮಿಸ್ಡ್ ಕಾಲ್ ಕೊಡ್ಲಿ.