ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ ನನ್ನನ್ನು ಲೈನ್ ಸೂಪರ್‌ವೈಸರ್ ಮಾಡಿದ್ದಾರೆ. ಮೆತ್ತಗಿದ್ದರೆ ತಲೆ ಮೇಲೆ ಕೂರ್ತಾರೆ, ಗಟ್ಟಿಯಾಗಿರು ಅನ್ನುತ್ತಾರೆ. ಬೈಯದೆ ಟಾರ್ಗೆಟ್ ತೆಗೆಯುವುದು ಹೇಗೆ?

ನಾನೂ ಮೆಷಿನ್ ಬಿಟ್ಟೆದ್ದು ಸೂಪರ್‌ವೈಸರ್ ಆದವಳು. ಶರ್ಟ್ ಲೈನ್, ಅಂದರೆ ಶರ್ಟ್ ಹೊಲಿಯುವ ಮೆಷಿನ್‌ಗಳ ಸಾಲು. "ಮೆತ್ತಗಿದ್ದರೆ ತಲೆ ಮೇಲೆ ಕೂರ್ತಾರೆ" ಅಂತ ನಿಮಗೆ ಹೇಳಿದ ಹಾಗೇ ನನಗೂ ಹೇಳಿದ್ದರು, ನಂಬಿದೆ. ಅದರ ಫಲ ಒಂದು ಮುರಿದ ಸೂಜಿಯಲ್ಲಿ ಗೊತ್ತಾಯಿತು.

ಸೂಜಿ ಮುರಿದರೆ ಏನು ಮಾಡಬೇಕು ಅಂತ ನಿಮಗೆ ಗೊತ್ತೇ ಇದೆ. ಮೆಷಿನ್ ನಿಲ್ಲಿಸಿ ಚೂರುಗಳನ್ನೆಲ್ಲ ಹುಡುಕಬೇಕು, ಜೋಡಿಸಿ ಪೂರ್ತಿ ಸೂಜಿ ಆಗುತ್ತದೆಯೇ ನೋಡಬೇಕು, ರಿಜಿಸ್ಟರ್‌ನಲ್ಲಿ ಟೇಪ್ ಹಾಕಿ ಅಂಟಿಸಬೇಕು. ಆಮೇಲಷ್ಟೇ ಹೊಸ ಸೂಜಿ. ಕಾಲರ್ ಕೂರಿಸುವ ಅಕ್ಕ ಒಂದೇ ಬೆಳಿಗ್ಗೆ ಎರಡನೇ ಸಲ ಬಂದಾಗ "ಯಾಕೆ ಮುರಿದೆ?" ಅಂತ ಇಡೀ ಲೈನಿಗೆ ಕೇಳುವ ಹಾಗೆ ಕೂಗಿದೆ. ಮೂರನೇ ಸಲ ಅವರು ನನ್ನ ಹತ್ತಿರ ಬರಲೇ ಇಲ್ಲ. ಪಕ್ಕದವರಿಂದ ಸೂಜಿ ಇಸ್ಕೊಂಡು ಹೊಲಿಗೆ ಮುಂದುವರಿಸಿದರು. ತುದಿ ಕಾಲರ್ ಒಳಗೇ ಉಳಿದು, ಪ್ಯಾಕಿಂಗ್‌ನಲ್ಲಿ ಮೆಟಲ್ ಡಿಟೆಕ್ಟರ್ ಕೂಗಿಕೊಂಡಿತು. ಒಂದು ಚೂರು ಸಿಕ್ಕಿತು ಅಂದರೆ ಇನ್ನೆಷ್ಟು ಇವೆಯೋ ಎಂಬ ಪ್ರಶ್ನೆ. ಅವತ್ತು ನಮ್ಮ ಲೈನಿಂದ ಹೋದ 400 ಚಿಲ್ಲರೆ ಪೀಸ್‌ಗಳ ಪೆಟ್ಟಿಗೆ ಬಿಚ್ಚಿ, ಒಂದೊಂದನ್ನೂ ಮತ್ತೆ ಹಾಯಿಸಿದೆವು.

ತಪ್ಪು ನನ್ನ ಪ್ರಶ್ನೆಯಲ್ಲೇ ಇತ್ತು. "ಯಾಕೆ ಮುರಿಯಿತು?" ಅಂತ ಕೇಳಿದ್ದರೆ ಮೆಕ್ಯಾನಿಕ್ ಬಂದು ನೋಡುತ್ತಿದ್ದ. ಸೂಜಿಯನ್ನು ಮೇಲಿನ ತನಕ ಏರಿಸದೆ ಸ್ಕ್ರೂ ಬಿಗಿದರೆ ಮುರಿಯುತ್ತದೆ. ಬಟ್ಟೆ ಒತ್ತಿ ಹಿಡಿಯುವ ಪ್ರೆಸ್ಸರ್ ಫೂಟ್ ಸಡಿಲಾಗಿ ಸೂಜಿ ಅದಕ್ಕೆ ಬಡಿದರೂ ಮುರಿಯುತ್ತದೆ, ಕೆಳಗೆ ದಾರ ಹಿಡಿಯುವ ಹುಕ್‌ನ ಟೈಮಿಂಗ್ ತಪ್ಪಿದರೂ ಮುರಿಯುತ್ತದೆ. ನಮ್ಮದು ಇನ್ನೂ ಸುಲಭದ್ದು: ಕಾಲರ್ ಸೇರುವ ಕಡೆ ಒಳಗಿನ ಗಟ್ಟಿ ಬಟ್ಟೆ, ಅಂದರೆ ಕ್ಯಾನ್ವಾಸ್ ಸೇರಿ ಪದರ ದಪ್ಪ, ಹಾಕಿದ್ದು 11ನೇ ನಂಬರಿನ ತೆಳು ಸೂಜಿ. ದಪ್ಪನೆಯ 14 ಹಾಕಿದ ಮೇಲೆ ಮುರಿಯುವುದು ನಿಂತುಹೋಯಿತು. ಇನ್ನೊಂದು ಮಾತು. ಹಿಂದೆ ನಿಂತು ಅವಸರ ಮಾಡಿದರೆ ಕೈ ತಾನಾಗಿ ಬಟ್ಟೆ ಎಳೆಯುತ್ತದೆ, ಸೂಜಿ ಬಾಗಿ ಕೆಳಗಿನ ಪ್ಲೇಟಿಗೆ ತಗಲುತ್ತದೆ. ಅಂದರೆ ಮುರಿಯುವುದಕ್ಕೆ ನನ್ನ ಕೂಗೂ ಒಂದು ಕಾರಣವೇ.

ಅದಕ್ಕೇ ಹೇಳುತ್ತೇನೆ, ಮೆತ್ತಗಿರಬೇಕೋ ಗಟ್ಟಿಯಾಗಿರಬೇಕೋ ಎಂಬ ನಿಮ್ಮ ಲೆಕ್ಕವನ್ನೇ ಬಿಡಿ. ಪೀಸ್ ಎಲ್ಲಿ ನಿಂತಿದೆ ಅಂತ ಗೊತ್ತಿಲ್ಲದ ಸೂಪರ್‌ವೈಸರ್ ಬಾಯಿ ಮಾಡುತ್ತಾರೆ. ಬಂಡಲ್ ಯಾರ ಮುಂದೆ ರಾಶಿ ಬಿದ್ದಿದೆ, ಅವರ ನಂತರದವರು ಯಾಕೆ ಕೈ ಕಟ್ಟಿ ಕೂತಿದ್ದಾರೆ, ಮೊದಲು ಅದನ್ನು ನೋಡಿ. ಫೋನಿನ ಸ್ಟಾಪ್‌ವಾಚ್ ಹಿಡಿದು ಐದು ಪೀಸ್ ಅಳೆಯಿರಿ. ಯಾಕೆ ಅಳೆಯುತ್ತಿದ್ದೀರಿ ಅಂತ ಅವರಿಗೆ ಮೊದಲೇ ಹೇಳಿ, ಇಲ್ಲವಾದರೆ ಹೆದರಿ ಕೈ ಬದಲಾಗುತ್ತದೆ. ಟಾರ್ಗೆಟ್ ಗಂಟೆಗೆ 60 ಇದ್ದು ಒಂದು ಪೀಸಿಗೆ 80 ಸೆಕೆಂಡ್ ಹಿಡಿಯುತ್ತಿದ್ದರೆ 45ಕ್ಕಿಂತ ಹೆಚ್ಚು ಬರುವುದಿಲ್ಲ. ಕೂಗಿದರೆ ನಾಲ್ಕೈದು ಜಾಸ್ತಿ ಬಂದೀತು, ಅಷ್ಟೇ ಆಲ್ಟ್ರೇಷನ್‌ಗೂ, ಅಂದರೆ ಬಿಚ್ಚಿ ಸರಿಮಾಡುವುದಕ್ಕೂ ವಾಪಸ್ ಬಂದೀತು. ಮಾರ್ಕಿಂಗ್, ದಾರ ಕತ್ತರಿಸುವ ಕೆಲಸ ಹೆಲ್ಪರ್‌ಗೆ ಕೊಡಿ. ಆದರೂ ಸಾಲದಿದ್ದರೆ ಎರಡನೇ ಮೆಷಿನ್ ಬೇಕೇ ಬೇಕು. ಫ್ಲೋರ್ ಇನ್‌ಚಾರ್ಜ್ ಮುಂದೆ "ಇವರು ಮಾಡ್ತಿಲ್ಲ ಸರ್" ಅನ್ನಬೇಡಿ, ಅಳೆದ ಲೆಕ್ಕ ಇಟ್ಟು ಮೆಷಿನ್ ಕೇಳಿ.

ಬಾತ್‌ರೂಮಿಗೆ ಹೋಗಲು ಯಾರನ್ನೂ ಕಾಯಿಸಬೇಡಿ. ಈ ವಿಷಯದಲ್ಲಿ ನನಗೆ ಬೇರೆ ಅಭಿಪ್ರಾಯವೇ ಇಲ್ಲ. ಕಾಯಿಸಿದರೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಉರಿಮೂತ್ರ ಬರುತ್ತದೆ, ಎರಡು ದಿನ ರಜೆ. ಗಂಟೆಗೆ 45ರ ಲೆಕ್ಕದಲ್ಲಿ ಐದು ನಿಮಿಷ ಬಿಟ್ಟರೆ ಹೋಗುವುದು ನಾಲ್ಕು ಪೀಸ್, ಎಂಟೆಂಟು ಗಂಟೆಯ ಎರಡು ದಿನಕ್ಕೆ 720. ಅವರು ಬರುವ ತನಕ ನೀವೇ ಆ ಮೆಷಿನ್‌ನಲ್ಲಿ ಕೂತು ಹೊಲಿಯಿರಿ. ಕಸುಬು ಗೊತ್ತಿರುವ ನಿಮಗೆ ಇದಕ್ಕಿಂತ ದೊಡ್ಡ ಬಲ ಇಲ್ಲ. ಕೂತಾಗ ಪೆಡಲ್ ಬಿಗಿಯಾಗಿದೆಯೋ, ಲೈಟ್ ಸಾಲದೋ ಅಂತಲೂ ತಿಳಿಯುತ್ತದೆ.

ಚೆಕ್ಕಿಂಗ್‌ನಲ್ಲಿ ಡಿಫೆಕ್ಟ್ ಸಿಕ್ಕರೆ ಸಂಜೆವರೆಗೆ ಇಟ್ಟುಕೊಳ್ಳದೆ ಅರ್ಧ ಗಂಟೆಯೊಳಗೆ ಹೇಳಿ. ಪೀಸ್ ಕೈಯಲ್ಲಿ ಹಿಡಿದು, ಮೆಷಿನ್ ಪಕ್ಕ ಬಗ್ಗಿ, "ಅಕ್ಕಾ, ಈ ಪಾಯಿಂಟ್ ನೋಡಿ" ಅಂತ ಅವರೊಬ್ಬರಿಗೇ ಹೇಳಿ. ವಯಸ್ಸಿನಲ್ಲಿ ಚಿಕ್ಕವರಾದರೂ ಏಕವಚನ ಬೇಡ.

ಓ.ಟಿ., ಅಂದರೆ ಹೆಚ್ಚುವರಿ ಗಂಟೆಯ ಕೆಲಸ ಇದ್ದರೆ ಊಟದ ಬಿಡುವಿಗೆ ಮೊದಲೇ ತಿಳಿಸಿ. ಮಗುವನ್ನು ಶಾಲೆಯಿಂದ ಕರೆತರಲು ಯಾರಿಗಾದರೂ ಹೇಳಬೇಕು, ಊರಿನ ಬಸ್ ನೋಡಬೇಕು. ಆಗುವುದಿಲ್ಲ ಅಂದವರ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ನಿಂತವರಿಗೆ ಕಾನೂನಿನ ಪ್ರಕಾರ ಓ.ಟಿ.ಗೆ ಎರಡು ಪಟ್ಟು ಕೂಲಿ ಬರಬೇಕು. ಸಂಬಳದ ಚೀಟಿಯಲ್ಲಿ ಆ ಗಂಟೆಗಳು ಸೇರಿವೆಯೇ ಅಂತ ತಿಂಗಳ ಕೊನೆಗೆ ನೀವೇ ಕೂತು ನೋಡಿ. ಬಿಟ್ಟುಹೋಗಿದ್ದರೆ ಎಚ್.ಆರ್. ಹತ್ತಿರ ಅವರನ್ನು ಅಲೆಸದೆ ನೀವೇ ಹೋಗಿ ಬನ್ನಿ.